ಧರ್ಮಗ್ರಂಥದ ನಿರ್ದೋಷತ್ವ

ಬೈಬಲಿನ ಮೂಲಪಾಠವು ಇತಿಹಾಸ, ಸಂಖ್ಯೆ, ಸೃಷ್ಟಿವಿಚಾರಗಳಲ್ಲಿಯೂ ತಪ್ಪಿಲ್ಲದ್ದೆಂಬ ಕ್ರೈಸ್ತ ಸಿದ್ಧಾಂತ. ಕನ್ನಡದಲ್ಲಿ ಈ ಗ್ರಂಥಕ್ಕೆ ಸತ್ಯವೇದವೆಂಬ ಹೆಸರು ರೂಢಿಯಾಗಿದ್ದರೂ, ಮೀಮಾಂಸಕರು ವೇದವನ್ನು ಅಪೌರುಷೇಯವೆಂದ ಅರ್ಥದಲ್ಲಿ ಕ್ರೈಸ್ತರು ಇದನ್ನು ಅಪೌರುಷೇಯವೆನ್ನುವುದಿಲ್ಲ. ದೈವಪ್ರೇರಿತರಾದ ಮನುಷ್ಯರು ಬರೆದದ್ದೆಂಬುದೇ ಅವರ ಮತ. ಆ ಪ್ರೇರಣೆಯು ಬರೆದವನ ಲೆಕ್ಕವನ್ನೂ ಕಾಯುತ್ತದೆಯೇ ಎಂಬಲ್ಲಿ ವಿವಾದವು ಹುಟ್ಟುತ್ತದೆ.

ಯೆಹೂದದ ಅರಸನಾದ ಅಹಜ್ಯನು ಪಟ್ಟಕ್ಕೆ ಬಂದಾಗ ಅವನ ವಯಸ್ಸು ಅರಸುಗಳ ಎರಡನೆಯ ಗ್ರಂಥದ (8:26) ಪ್ರಕಾರ 22. ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದ (22:2) ಹೀಬ್ರೂ ಪಾಠದ ಪ್ರಕಾರ 42. ಅವನ ತಂದೆ ಯೆಹೋರಾಮನು 32ನೆಯ ವಯಸ್ಸಿನಲ್ಲಿ ಪಟ್ಟವೇರಿ 8 ವರ್ಷ ಆಳಿ ಮಡಿದನೆಂದು ಅದೇ ಗ್ರಂಥವು ಹಿಂದಿನ ಅಧ್ಯಾಯದಲ್ಲಿ ಹೇಳಿರುವುದರಿಂದ, ಎರಡನೆಯ ಲೆಕ್ಕವನ್ನು ಹಿಡಿದರೆ ಮಗನು ತಂದೆಗಿಂತ 2 ವರ್ಷ ಹಿರಿಯನಾಗಬೇಕಾಗುತ್ತದೆ!

ಇಂಥ ಕಡೆಗಳಲ್ಲಿ ಪ್ರತಿಕಾರನ ಕೈತಪ್ಪನ್ನೋ ಅನುವಾದಕನ ಪ್ರಮಾದವನ್ನೋ ತನ್ನ ಗ್ರಹಣದೋಷವನ್ನೋ ಶಂಕಿಸುವೆನೇ ಹೊರತು ಮೂಲ ಲೇಖಕನನ್ನಲ್ಲವೆಂದು ಸಂತ ಅಗಸ್ಟೀನನು ಜೆರೋಮನಿಗೆ ಬರೆದನು. ಈ ಮಾರ್ಗವನ್ನೇ ಬಿಗಿಗೊಳಿಸಿ, ಅಮೆರಿಕದ ಪ್ರಿನ್ಸ್‌ಟನ್ ಪಂಥದ ಎ. ಎ. ಹಾಜ್ ಮತ್ತು ಬಿ. ಬಿ. ವಾರ್‌ಫೀಲ್ಡ್ 1881ರಲ್ಲಿ ನಿರ್ದೋಷತ್ವವನ್ನು ಲೇಖಕರ ಸ್ವಹಸ್ತಪ್ರತಿಗಳಿಗೆ ಸೀಮಿತಗೊಳಿಸಿದರು. ಅವುಗಳಲ್ಲಿ ಒಂದಾದರೂ ಉಳಿದಿಲ್ಲವಾದುದರಿಂದ ಈ ವಾದವನ್ನು ಪ್ರತ್ಯಕ್ಷಪ್ರಮಾಣದಿಂದ ಸಾಧಿಸಲೂ ಆಗದು, ಖಂಡಿಸಲೂ ಆಗದು. ಅದರ ಬಲವೂ ದೌರ್ಬಲ್ಯವೂ ಇದೇ. ನ್ಯೂಯಾರ್ಕಿನ ಯೂನಿಯನ್ ವಿದ್ಯಾಪೀಠದ ಚಾರ್ಲ್ಸ್ ಬ್ರಿಗ್ಸನು 1891ರ ಉಪನ್ಯಾಸದಲ್ಲಿ ಇದನ್ನು ತಿರಸ್ಕರಿಸಿದುದಕ್ಕಾಗಿ ಪ್ರೆಸ್ಬಿಟೇರಿಯನ್ ಮಹಾಸಭೆಯು 1893ರಲ್ಲಿ ಅವನನ್ನು ಗುರುಪದವಿಯಿಂದ ಅಮಾನತುಗೊಳಿಸಿತು. ಹಾಗೆಂದು ಅವನು ನಾಸ್ತಿಕನೇನೂ ಆಗಲಿಲ್ಲ: 1899ರಲ್ಲಿ ಎಪಿಸ್ಕೋಪಲ್ ಸಭೆಯ ಗುರುವಾಗಿ, ಕ್ರಿಸ್ತನ ಕನ್ಯಾಜನನವನ್ನು ಸಮರ್ಥಿಸಿ ಬರೆದನು.

ಮುಂದೆ ಎರಡನೆಯ ವ್ಯಾಟಿಕನ್ ಪರಿಷತ್ತು 1965ರಲ್ಲಿ, ನಮ್ಮ ರಕ್ಷಣೆಗೋಸ್ಕರ ದೇವರು ಬರೆಯಿಸಬಯಸಿದ ಸತ್ಯವನ್ನು ಗ್ರಂಥವು ತಪ್ಪಿಲ್ಲದೆ ಬೋಧಿಸುತ್ತದೆಂದು ನುಡಿಯಿತು; ಇವ್ಯಾಂಜಲಿಕಲ್ ನಾಯಕರ 1978ರ ಶಿಕಾಗೊ ಘೋಷಣೆಯು ಇತಿಹಾಸ, ವಿಜ್ಞಾನಗಳನ್ನೂ ಒಳಗೊಂಡ ನಿರ್ದೋಷತ್ವವನ್ನೇ ಪುನಃ ಎತ್ತಿಹಿಡಿಯಿತು.

ಈ ಸಿದ್ಧಾಂತವಿಲ್ಲದೆ ಕ್ರೈಸ್ತ ವಿಶ್ವಾಸವು ನಿಲ್ಲದೆಂಬ ಮಾತು ಅತಿಶಯೋಕ್ತಿ. ಗ್ರಂಥವು ದೈವಪ್ರೇರಿತವಲ್ಲದಿದ್ದರೂ ಚಾರಿತ್ರಿಕ ಸಾಕ್ಷ್ಯದ ಬಲದಿಂದಲೇ ಕ್ರೈಸ್ತಧರ್ಮವು ಸತ್ಯವಾಗಿ ಉಳಿಯಬಲ್ಲುದೆಂದು ಈ ಸಿದ್ಧಾಂತದ ಪ್ರಬಲ ಸಮರ್ಥಕನಾದ ವಾರ್‌ಫೀಲ್ಡನೇ ಒಪ್ಪಿಕೊಂಡಿದ್ದನು. ಪೂರ್ವಪಶ್ಚಿಮದ ಸಭೆಗಳು ಇಂದಿಗೂ ಪಠಿಸುವ ನೈಸೀಯ ವಿಶ್ವಾಸಪ್ರಮಾಣದಲ್ಲಿ ಗ್ರಂಥದ ನಿರ್ದೋಷತ್ವದ ಕುರಿತು ಒಂದು ವಾಕ್ಯವೂ ಇಲ್ಲ.