ಬೇಗಂ ಬಜಾರಿನ ಸದ್ದು, ಕಿವಿಯೊಳಗಿನ ಪೊಟ್ಯಾಸಿಯಂ

ಹೈದರಾಬಾದಿನ ಬೇಗಂ ಬಜಾರಿಗೆ ನೀವು ಹೋಗಿರಬಹುದು. ಕಲಬುರಗಿ, ಬೀದರ್, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಹಾಗಾಗಿ ನಮ್ಮ ಕಡೆಯವರಿಗೆ ಆ ಪೇಟೆ ಹೊಸದಲ್ಲ. ಅಲ್ಲಿ ಹಿತ್ತಾಳೆ ಪಾತ್ರೆ ಅಂಗಡಿಗಳ ಮುಂದೆ ನಿಂತ್ರೆ ಕೊಡ ಕೊಡಕ್ಕೆ ತಾಗಿ ಠಣ್ ಅನ್ನುತ್ತೆ. ಆ ಠಣ್ ಮಿದುಳಿಗೆ ಹೋಗಿ ಮುಟ್ಟೋದು ಹೇಗೆ? ಇವತ್ತು ಅದರ ಚರಿತ್ರೆ ನೋಡೋಣ.

1851ರಲ್ಲಿ ಇಟಲಿಯ ಅಲ್ಫೋನ್ಸೊ ಕೋರ್ಟಿ, ಒಳಗಿವಿಯ ಶಂಖದಂಥ ಸುರುಳಿಯೊಳಗೆ ಕೇಳುವ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ. ಅದರಲ್ಲಿ ಸಣ್ಣ ರೋಮದ ಕೋಶಗಳಿದ್ದವು. ಆದರೆ ಅವು ಕೆಲಸ ಮಾಡೋದು ಹೇಗೆ ಅಂತ ತಿಳಿಯೋಕೆ ಇನ್ನೂ ನೂರು ವರ್ಷ ಬೇಕಾಯ್ತು.

1950ರ ದಶಕದ ಆರಂಭದಲ್ಲಿ ಗೇಯಾರ್ಗ್ ಫಾನ್ ಬೇಕೇಶಿ ಒಳಗಿವಿಯ ದ್ರವದಲ್ಲಿ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಇದೆ ಅಂತ ಅಳೆದು ತೋರಿಸಿದರು. 1954ರಲ್ಲಿ ಕ್ಯಾಥರೀನ್ ಸ್ಮಿತ್ ಮತ್ತು ಸಂಗಡಿಗರು ಆ ದ್ರವದಲ್ಲಿ ಪೊಟ್ಯಾಸಿಯಂ ತುಂಬಿದೆ ಅಂತ ಕಂಡರು. ಇದು ವಿಚಿತ್ರ. ಮೈಯ ಬೇರೆ ಕಡೆ ಪೊಟ್ಯಾಸಿಯಂ ಕೋಶದ ಒಳಗೆ ಹೆಚ್ಚು, ಹೊರಗೆ ಕಡಿಮೆ. ಇಲ್ಲಿ ಮಾತ್ರ ರೋಮದ ತುದಿ ಮುಳುಗಿರೋದೇ ಪೊಟ್ಯಾಸಿಯಂ ನೀರಿನಲ್ಲಿ.

ಸದ್ದು ಬಂದಾಗ ರೋಮ ಬಾಗುತ್ತೆ, ತುದಿಯ ಬಾಗಿಲು ತೆರೆಯುತ್ತೆ, ಪೊಟ್ಯಾಸಿಯಂ ಒಳನುಗ್ಗುತ್ತೆ. ನರಕ್ಕೆ ಸುದ್ದಿ ಹೋಗುತ್ತೆ. ಆಮೇಲೆ ಅದು ಕೋಶದ ಕೆಳಬದಿಯ ಪೊಟ್ಯಾಸಿಯಂ ಚಾನೆಲ್‌ಗಳಿಂದ ಹೊರಬೀಳುತ್ತೆ. ಸುರುಳಿಯ ಪಕ್ಕದ ಗೋಡೆ ಅದನ್ನು ಮತ್ತೆ ದ್ರವಕ್ಕೆ ಸೇರಿಸುತ್ತೆ. ಆ ಗೋಡೆಯ ಒಂದು ಮುಖ್ಯ ಚಾನೆಲ್ಲಿನ ಹೆಸರು ಕೆಸಿಎನ್‌ಕ್ಯೂ1.

ಈ ಚಾನೆಲ್ ಕೆಟ್ಟರೆ ಏನಾಗುತ್ತೆ? ಉತ್ತರ ಮೊದಲೇ ಕಣ್ಣೆದುರಿಗಿತ್ತು, ಅರ್ಥ ಆಗಿರಲಿಲ್ಲ. 1957ರಲ್ಲಿ ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ-ನಿಲ್ಸನ್ ಎಂಬ ವೈದ್ಯರು ಒಂದು ಮನೆಯ ಬಗ್ಗೆ ಬರೆದರು. ಆರು ಮಕ್ಕಳಲ್ಲಿ ನಾಲ್ವರಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಆಗಾಗ ಎಚ್ಚರ ತಪ್ಪಿ ಬೀಳೋದು. ಮೂವರು ಇದ್ದಕ್ಕಿದ್ದಂತೆ ತೀರಿಹೋದರು. ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗಿತ್ತು. ಕಿವಿಗೂ ಹೃದಯಕ್ಕೂ ಏನು ನಂಟು ಅನ್ನೋದು 1997ರಲ್ಲಿ ಗೊತ್ತಾಯ್ತು: ಕೆಸಿಎನ್‌ಕ್ಯೂ1 ಎರಡೂ ಕಡೆ ಇದೆ. ಒಂದೇ ಜೀನ್ ಕೆಟ್ಟು ಕಿವಿಯೂ ಹೋಯ್ತು, ಎದೆಬಡಿತದ ಲಯವೂ ತಪ್ಪಿತು.

ಇದು ಅಪರೂಪದ ಕಾಯಿಲೆ. ಕಿವಿ ಕೇಳಿಸದ ಹೆಚ್ಚಿನ ಮಕ್ಕಳಿಗೆ ಇದು ಇರೋದಿಲ್ಲ. ಆದರೆ ಕೆಟ್ಟ ಜೀನ್ ತಾಯಿ ತಂದೆ ಇಬ್ಬರಿಂದಲೂ ಬಂದಾಗ ಕಾಣಿಸುತ್ತೆ, ಹಾಗಾಗಿ ಸೋದರಮಾವ, ಅತ್ತೆ ಮಗ ಅಂತ ಸಂಬಂಧದೊಳಗೇ ಮದುವೆ ಮಾಡುವ ನಮ್ಮ ಕಡೆ ಇದನ್ನು ಮರೆಯುವಂತಿಲ್ಲ. ಕಿವಿ ಕೇಳಿಸದ ಮಗು ಓಡುವಾಗಲೋ ಬೆಚ್ಚಿದಾಗಲೋ ಬಿದ್ದರೆ ಫಿಟ್ಸ್ ಅಂತ ಸುಮ್ಮನಾಗಬೇಡಿ. ಒಂದು ಇಸಿಜಿ ಮಾಡಿಸಿ. ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ನಿಗೆ ಮುಂಚೆಯೂ ಕೇಳಿ. ಮೊದಲೇ ಗೊತ್ತಾದರೆ ಔಷಧಿ ಇದೆ.

ಬೇಗಂ ಬಜಾರಿನಿಂದ ಉಸ್ಮಾನಿಯಾ ಆಸ್ಪತ್ರೆಗೆ ನಡೆದೇ ಹೋಗಬಹುದು. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ಪಾತ್ರೆ ಕೊಳ್ಳುವಾಗ ತಟ್ಟಿ ನೋಡೋದಿಲ್ವಾ? ಮಗುವಿನ ಎದೆಯನ್ನೂ ಒಮ್ಮೆ ನೋಡಿಸೋಣ.