ಓಡುವವನಿಗೆ ಸೈಕಲ್ ಯಾಕೆ?

ಚಳ್ಳಕೆರೆಯಿಂದ ಮೊಳಕಾಲ್ಮೂರು ಕಡೆ ಹೋಗೋ ರಸ್ತೇಲಿ ಬೆಳಗಿನ ಜಾವ ಒಮ್ಮೆ ಬಂದು ನೋಡಿ. ಪೊಲೀಸ್ ಕೆಲಸಕ್ಕೆ ತಯಾರಾಗ್ತಿರೋ ಹುಡುಗರು ಕತ್ತಲಲ್ಲೇ ಓಡ್ತಿರ್ತಾರೆ. 1600 ಮೀಟರ್, ಆರೂವರೆ ನಿಮಿಷ. ಇಪ್ಪತ್ತು ವರ್ಷದ ಹಿಂದೆ ನಾನೂ ಹಂಗೇ ಓಡಿದವನು. ಮೊಣಕಾಲ ಕೆಳಗೆ ಮೂಳೆ ನೋಯುತ್ತೆ ಅಂದಾಗ, "ಸಹಿಸ್ಕೊ, ಓಡಿದ್ರೇ ಹೋಗುತ್ತೆ" ಅಂದ್ರು. ಮೂಳೆ ಬಿರುಕು ಬಿಟ್ಟಿತು. ಪರೀಕ್ಷೆಯ ದಿನ ನಾನು ಮನೇಲಿ ಮಲಗಿದ್ದೆ.

ಈ ಸಲ ಅಕ್ಕನ ಮಗ ಅದೇ ಜಾಗ ಒತ್ತಿಕೊಂಡು ಬಂದು ಕೂತ. ಡಾಕ್ಟರಿಗೆ ತೋರಿಸಿದ್ವಿ, ಬಿರುಕು ಇರಲಿಲ್ಲ. "ಸ್ವಲ್ಪ ದಿನ ಸೈಕಲ್ ತುಳಿಯೋ" ಅಂದೆ. "ಓಡೋ ಪರೀಕ್ಷೆಗೆ ಸೈಕಲ್ ಯಾಕೆ ಮಾವ?" ಅಂದ. ಅವನಿಗೆ ಹೇಳಿದ ಕತೆ ಇದು.

ನಮ್ಮ ಸೀಮೆಯಲ್ಲಿ ದಾರಿ ಸವೆಸೋ ಕೆಲಸ ಬಹಳ ಹಳೇದು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ, ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಮಾತು. ಅದನ್ನು ಯಾರೋ ನಡೆದೋ ಓಡಿಯೋ ಕುದುರೆ ಮೇಲೋ ತಂದಿರಬೇಕು. ಮುಂದೆ ಮೈಸೂರು ಸಂಸ್ಥಾನದ ಅಂಚೆ ಬಂತು. ಚೀಲ ಹೊತ್ತವರು ಓಡಿಯೇ ಊರೂರಿಗೆ ಮುಟ್ಟಿಸ್ತಿದ್ರು. 1889ರಲ್ಲಿ ಅದು ಬ್ರಿಟಿಷ್ ಅಂಚೆಯೊಳಗೆ ಸೇರಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಸ್ಟಾರ್ಲಿ ಇವತ್ತಿನ ರೂಪದ ಸೈಕಲ್ ಮಾಡಿದ್ದ (1885), ಡನ್‌ಲಪ್ ಗಾಳಿ ಟೈರ್ ಹಾಕಿದ್ದ (1888). ಓಡುವವನ ಚೀಲ ನಿಧಾನಕ್ಕೆ ಸೈಕಲ್ ಏರಿತು.

ಹೀಗೆ ಓಟದ ಜಾಗ ಕಿತ್ತುಕೊಂಡ ಸೈಕಲ್ಲೇ ಓಟಗಾರನ ನೆಂಟ ಆಗಿದ್ದು ತಡವಾಗಿ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಓಟಗಾರರ ಕ್ಲಬ್ಬೊಂದು ಓಟ, ಸೈಕಲ್, ಈಜು ಮೂರನ್ನೂ ಸೇರಿಸಿ ಸ್ಪರ್ಧೆ ಇಟ್ಟಿತು. ಅದೇ ಟ್ರಯಥ್ಲಾನ್. ಇನ್ನು ಜೋನ್ ಬೆನೊಯ್ಟ್ ಕತೆ ಕೇಳಿ. 1984ರಲ್ಲಿ ಒಲಿಂಪಿಕ್ ಆಯ್ಕೆ ಓಟಕ್ಕೆ 17 ದಿನ ಇದ್ದಾಗ ಆಕೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ. ಕಾಲು ಆಡಿಸೋ ಹಾಗಿರಲಿಲ್ಲ. ವ್ಯಾಯಾಮದ ಸೈಕಲ್ಲಿನ ಪೆಡಲನ್ನು ಕೈಯಲ್ಲೇ ತಿರುಗಿಸಿದಳು. ಆಯ್ಕೆ ಗೆದ್ದಳು. ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ, ಹೆಂಗಸರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನನ್ನೂ ಗೆದ್ದಳು.

ಇದರ ಗುಟ್ಟು ಸರಳ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತೆ. ಸೈಕಲ್ಲಿನಲ್ಲಿ ಆ ಪೆಟ್ಟಿಲ್ಲ. ಎದೆ, ಉಸಿರು, ತೊಡೆ ಮಾತ್ರ ದುಡೀತವೆ. ಆದರೆ ಮೂಳೆ ಗಟ್ಟಿಯಾಗೋಕೆ ನೆಲದ ಪೆಟ್ಟೂ ಬೇಕು. ಅದಕ್ಕೇ ಓಟ ಪೂರ್ತಿ ಬಿಡೋ ಹಾಗಿಲ್ಲ. ನೋವು ಇಳಿದ ಮೇಲೆ ವಾರಕ್ಕೆ ಎರಡು ಹಗುರ ಓಟದ ಬದಲು ಸೈಕಲ್, ಉಳಿದಂತೆ ಓಟ.

ಮನೇಲಿ ದುಬಾರಿ ಸೈಕಲ್ ಇಲ್ಲ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡ್ತಿತ್ತಲ್ಲ, ಅವನಿಗೆ ಸಿಕ್ಕಿದ್ದ ಅದೇ ಸೈಕಲ್ ಹಿತ್ತಲಲ್ಲಿ ತುಕ್ಕು ಹಿಡೀತಿತ್ತು. ಚೈನಿಗೆ ಎಣ್ಣೆ ಬಿಟ್ವಿ, ಸೀಟು ಎತ್ತರಿಸಿದ್ವಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು. ಗೇರ್ ಇಲ್ಲ, ಆದ್ರೆ ನಮ್ಮ ಆಷಾಢದ ಎದುರುಗಾಳಿ ಯಾವ ಗೇರಿಗೂ ಕಡಿಮೆ ಇಲ್ಲ.

ಮೊನ್ನೆ ಬಿ.ಜಿ. ಕೆರೆ ತನಕ ತುಳಿದು ಬಂದು, "ಕಾಲು ನೋಯ್ಲಿಲ್ಲ ಮಾವ, ಎದೆ ಮಾತ್ರ ಹೊಡ್ಕೊಳ್ತಿದೆ" ಅಂದ. ಎದೆ ಹೊಡ್ಕೊಳ್ಲಿ ಬಿಡು ಅಂದೆ. ಪರೀಕ್ಷೆ ಮುಂದಿನ ತಿಂಗಳು. ಪಾಸೋ ಫೇಲೋ, ಆ ದಿನ ಅವನು ಮೈದಾನದಲ್ಲಿ ನಿಂತಿದ್ರೆ ಸಾಕು ನನಗೆ.