ಕೋಲಾರ ಪ್ರದೇಶದಲ್ಲಿ ಒಳಾಂಗಣ ಸಸ್ಯಗಳ ಆರ್ದ್ರತೆ ನಿರ್ವಹಣೆ

ಒಳಾಂಗಣ ಸಸ್ಯಗಳ ಆರ್ದ್ರತೆ ನಿರ್ವಹಣೆ ಎಂದರೆ ಮನೆಯೊಳಗೆ ಕುಂಡಗಳಲ್ಲಿ ಬೆಳೆಸುವ ಉಷ್ಣವಲಯದ ಗಿಡಗಳ ಸುತ್ತಲಿನ ಗಾಳಿಯಲ್ಲಿ ಅವುಗಳಿಗೆ ಬೇಕಾದಷ್ಟು ನೀರಾವಿಯನ್ನು ಉಳಿಸುವ ಕ್ರಮ. ಮಳೆಕಾಡು ಮೂಲದ ಅಂಥೂರಿಯಂ, ಕ್ಯಾಲಥಿಯ, ಫಿಲೊಡೆಂಡ್ರಾನ್, ಜರೀಗಿಡ ಮತ್ತು ಆರ್ಕಿಡ್‌ಗಳಿಗೆ ಇದು ಮುಖ್ಯವಾದುದು. ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬೇಸಿಗೆಯ ಒಣಗಾಳಿಯ ಜೊತೆಗೆ ನೀರಿನ ಅಭಾವವೂ ಅಂತರ್ಜಲದಲ್ಲಿನ ಫ್ಲೋರೈಡ್ ಮತ್ತು ಲವಣಗಳೂ ಸೇರಿಕೊಳ್ಳುತ್ತವೆ. ಆದ್ದರಿಂದ ಇಲ್ಲಿ ಗಾಳಿಯ ತೇವಾಂಶವನ್ನು ನೀರಿನ ಗುಣದೊಂದಿಗೆ ಸೇರಿಸಿಯೇ ಪರಿಗಣಿಸಬೇಕಾಗುತ್ತದೆ.

ಹಿನ್ನೆಲೆ

ಕೋಲಾರ ಜಿಲ್ಲೆಯು ಕರ್ನಾಟಕದ ಪೂರ್ವ ಒಣ ಕೃಷಿ ವಲಯಕ್ಕೆ ಸೇರಿದೆ. ಇಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ವಾರ್ಷಿಕ ಸರಾಸರಿ ಮಳೆ ಸುಮಾರು 700ರಿಂದ 750 ಮಿ.ಮೀ.; ಅದರ ಹೆಚ್ಚಿನ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಸುರಿಯುತ್ತದೆ. ಮಳೆಗಾಲದಲ್ಲಿ ಮನೆಯೊಳಗಿನ ಗಿಡಗಳಿಗೆ ವಿಶೇಷ ವ್ಯವಸ್ಥೆ ಬೇಕಾಗುವುದಿಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಮಧ್ಯಾಹ್ನಗಳೇ ಕಷ್ಟದ ಹೊತ್ತು. ಅದೇ ಅವಧಿಯಲ್ಲಿ ಕೊಳವೆಬಾವಿಗಳ ನೀರೂ ಕಡಿಮೆಯಾಗುವುದರಿಂದ ಗಿಡಗಳಿಗಾಗಿ ನೀರನ್ನು ಧಾರಾಳವಾಗಿ ಬಳಸುವ ವಿಧಾನಗಳು ಇಲ್ಲಿಗೆ ಹೊಂದುವುದಿಲ್ಲ.

ಸಾಪೇಕ್ಷ ಆರ್ದ್ರತೆ

ನಿರ್ದಿಷ್ಟ ಉಷ್ಣಾಂಶದಲ್ಲಿ ಗಾಳಿ ಹಿಡಿದಿಡಬಲ್ಲ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ಅದರಲ್ಲಿದೆ ಎಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಗಾಳಿ ಬಿಸಿಯಾದಂತೆ ಈ ಗರಿಷ್ಠ ಮಿತಿ ಏರುತ್ತದೆ. ಉದಾಹರಣೆಗೆ, ಮುಂಜಾನೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ 70 ಆರ್ದ್ರತೆಯಿರುವ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 12 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ ಮಧ್ಯಾಹ್ನ 34 ಡಿಗ್ರಿಗೆ ಕಾದರೆ, ನೀರಾವಿ ಒಂದಿಷ್ಟೂ ಕಡಿಮೆಯಾಗದಿದ್ದರೂ ಆರ್ದ್ರತೆ ಸುಮಾರು ಶೇಕಡಾ 32ಕ್ಕೆ ಕುಸಿಯುತ್ತದೆ. ಹೀಗಾಗಿ ಕೋಣೆಯನ್ನು ತಂಪಾಗಿಡುವುದು ಕೂಡ ಆರ್ದ್ರತೆಯನ್ನು ಕಾಪಾಡುವ ಒಂದು ಮಾರ್ಗವೇ ಆಗಿದೆ.

ಎಲೆಗಳು ಪತ್ರರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಹೊರಬಿಡುತ್ತವೆ. ಗಾಳಿ ಒಣಗಿದಷ್ಟೂ ಈ ಬಾಷ್ಪವಿಸರ್ಜನೆ ತೀವ್ರವಾಗುತ್ತದೆ. ಬೇರುಗಳು ಅದೇ ವೇಗದಲ್ಲಿ ನೀರನ್ನು ಪೂರೈಸಲಾಗದಿದ್ದಾಗ ಎಲೆ ಮುದುಡುತ್ತದೆ, ಅಂಚು ಒಣಗುತ್ತದೆ. ಹೆಚ್ಚಿನ ಒಳಾಂಗಣ ಗಿಡಗಳಿಗೆ ಶೇಕಡಾ 40ರಿಂದ 60ರಷ್ಟು ಆರ್ದ್ರತೆ ಸಾಕಾಗುತ್ತದೆ. ಕ್ಯಾಲಥಿಯ ಮತ್ತು ತೆಳುವಾದ ಎಲೆಯ ಜರೀಗಿಡಗಳಿಗೆ ಇದಕ್ಕಿಂತ ಹೆಚ್ಚು ಬೇಕು. ಆರ್ದ್ರತೆಯನ್ನು ಅಳೆಯಲು ಅಗ್ಗದ ಅಂಕೀಯ ಆರ್ದ್ರತಾಮಾಪಕ ಸಾಕು. ಅದನ್ನು ಗಿಡದ ಎತ್ತರದಲ್ಲಿ, ನೇರ ಬಿಸಿಲು ಬೀಳದ ಕಡೆ ಇಡಬೇಕು.

ಒಣಗಾಳಿಯೋ, ಫ್ಲೋರೈಡೋ?

ಎಲೆಯ ತುದಿ ಕಂದಾಗುವುದನ್ನು ಸಾಮಾನ್ಯವಾಗಿ ಆರ್ದ್ರತೆಯ ಕೊರತೆ ಎಂದೇ ಭಾವಿಸಲಾಗುತ್ತದೆ. ಕೋಲಾರ ಪ್ರದೇಶದಲ್ಲಿ ಈ ತೀರ್ಮಾನ ತಪ್ಪಾಗುವ ಸಾಧ್ಯತೆ ಹೆಚ್ಚು. ಇಲ್ಲಿನ ಗಟ್ಟಿ ಶಿಲೆಗಳಲ್ಲಿರುವ ಖನಿಜಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಮೀರಬಾರದು, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿ.ಗ್ರಾಂ.ವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಜಿಲ್ಲೆಯ ಹಲವು ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟುತ್ತದೆ. ಡ್ರಸೀನಾ, ಸ್ಪೈಡರ್ ಪ್ಲಾಂಟ್, ಕಾರ್ಡಿಲೈನ್ ಮತ್ತು ಕ್ಯಾಲಥಿಯಗಳಿಗೆ ಮನುಷ್ಯರು ಕುಡಿಯಬಹುದಾದ ಪ್ರಮಾಣದ ಫ್ಲೋರೈಡ್ ಕೂಡ ಹಾನಿ ಮಾಡಬಲ್ಲದು.

ಬೇರಿನಿಂದ ಹೀರಿದ ಫ್ಲೋರೈಡ್ ನೀರಿನ ಹರಿವಿನೊಂದಿಗೆ ಎಲೆಯ ತುದಿ ಮತ್ತು ಅಂಚನ್ನು ತಲುಪುತ್ತದೆ. ನೀರು ಆವಿಯಾಗಿ ಹೋದರೂ ಫ್ಲೋರೈಡ್ ಅಲ್ಲಿಯೇ ಸಂಗ್ರಹಗೊಳ್ಳುತ್ತದೆ. ಒಣಗಾಳಿಯಲ್ಲಿ ಗಿಡ ಹೆಚ್ಚು ನೀರೆಳೆಯುವುದರಿಂದ ಈ ಸಂಗ್ರಹವೂ ವೇಗವಾಗುತ್ತದೆ. ಹೀಗೆ ಎರಡು ಸಮಸ್ಯೆಗಳು ಒಂದನ್ನೊಂದು ಬೆಳೆಸುತ್ತವೆ.

ಎರಡನ್ನೂ ಪ್ರತ್ಯೇಕಿಸಲು ಕೆಲವು ಸೂಚನೆಗಳಿವೆ. ಒಣಗಾಳಿಯ ಪರಿಣಾಮ ಬೇಸಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎಳೆಯ ಎಲೆಗಳು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಮೊಗ್ಗುಗಳು ಉದುರುತ್ತವೆ, ಮಳೆ ಬಂದ ಮೇಲೆ ಹೊಸ ಎಲೆಗಳು ಸ್ವಚ್ಛವಾಗಿ ಮೂಡುತ್ತವೆ. ಫ್ಲೋರೈಡಿನ ಹಾನಿ ಹಳೆಯ ಎಲೆಗಳಲ್ಲಿ ಹೆಚ್ಚಾಗಿದ್ದು, ಮಳೆಗಾಲದಲ್ಲಿಯೂ ಮುಂದುವರಿಯುತ್ತದೆ; ಕಂದು ಭಾಗಕ್ಕೂ ಹಸಿರು ಭಾಗಕ್ಕೂ ನಡುವೆ ಹಲವು ವೇಳೆ ಹಳದಿ ಪಟ್ಟಿ ಇರುತ್ತದೆ. ಕುಂಡದ ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟಿದ್ದರೆ ಅದು ಲವಣ ಸಂಗ್ರಹದ ಗುರುತು.

ನೀರಿನ ಆಯ್ಕೆ

ಗಿಡಗಳಿಗೆ ಅತ್ಯುತ್ತಮವಾದುದು ತಾರಸಿಯಿಂದ ಸಂಗ್ರಹಿಸಿದ ಮಳೆನೀರು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಕಡಿಮೆಯಾಗಬಹುದೇ ಹೊರತು ಫ್ಲೋರೈಡ್ ಅಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ನೀರು ಫ್ಲೋರೈಡಿಗೆ ಸೂಕ್ಷ್ಮವಾದ ಗಿಡಗಳಿಗೆ ಆಗುತ್ತದೆ. ಆದರೆ ಆ ಯಂತ್ರಗಳಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಮತ್ತು ಲವಣಗಳು ಮೂಲ ನೀರಿಗಿಂತ ಹೆಚ್ಚಾಗಿರುತ್ತವೆ. ಅದನ್ನು ಕುಂಡಗಳಿಗೆ ಹಾಕುವುದು ಸೂಕ್ತವಲ್ಲ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಫ್ಲೋರೈಡ್ ಇರುವುದರಿಂದ ಇಂಥ ಗಿಡಗಳಿಗೆ ಅದನ್ನು ಬಳಸದಿರುವುದು ಒಳ್ಳೆಯದು.

ಆರ್ದ್ರತೆ ಹೆಚ್ಚಿಸುವ ವಿಧಾನಗಳು

3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿ ಇರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಆರ್ದ್ರತೆಯನ್ನು ಶೇಕಡಾ 30ರಿಂದ 60ಕ್ಕೆ ಏರಿಸಲು ಸುಮಾರು 330 ಮಿಲಿಲೀಟರ್ ನೀರು ಆವಿಯಾಗಬೇಕು. ಕೋಣೆಯ ಗಾಳಿ ಗಂಟೆಗೊಮ್ಮೆ ಬದಲಾದರೆ ಪ್ರತಿ ಗಂಟೆಗೂ ಅಷ್ಟೇ ನೀರು, ಅಂದರೆ 8 ಗಂಟೆಗೆ ಎರಡೂವರೆ ಲೀಟರಿಗಿಂತ ಹೆಚ್ಚು, ಬೇಕಾಗುತ್ತದೆ. ಎಲೆಗಳ ಮೇಲೆ ಸಿಂಪಡಿಸುವ ಕೆಲವು ಮಿಲಿಲೀಟರ್ ನೀರಿನ ಪರಿಣಾಮ ಕೆಲವೇ ನಿಮಿಷಗಳಲ್ಲಿ ಮುಗಿಯುವುದು ಇದೇ ಕಾರಣಕ್ಕೆ. ಗಡಸು ನೀರಿನ ಸಿಂಪಡಣೆ ಎಲೆಗಳ ಮೇಲೆ ಬಿಳಿ ಕಲೆಯನ್ನೂ ಉಳಿಸುತ್ತದೆ. ಆದ್ದರಿಂದ ಇಡೀ ಕೋಣೆಗಿಂತ ಗಿಡದ ಸುತ್ತಲಿನ ಚಿಕ್ಕ ಜಾಗವನ್ನು ತೇವವಾಗಿಡುವುದು ಮಿತವ್ಯಯದ ಕ್ರಮ.

ಗುಂಪುಗೂಡಿಸುವಿಕೆ: ಕುಂಡಗಳನ್ನು ಒತ್ತಾಗಿ ಇಟ್ಟರೆ ಗಿಡಗಳು ಬಿಡುವ ನೀರಾವಿಯೇ ಅವುಗಳ ನಡುವೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇದಕ್ಕೆ ಹೆಚ್ಚುವರಿ ನೀರು ಬೇಕಿಲ್ಲ.

ಸ್ಥಳದ ಆಯ್ಕೆ: ಪಶ್ಚಿಮದ ಕಿಟಕಿ, ಫ್ಯಾನಿನ ಗಾಳಿ ಮತ್ತು ಬಿಸಿಯಾಗುವ ತಾರಸಿಯ ಕೆಳಭಾಗದಿಂದ ದೂರವಿರುವ, ಬೆಳಕಿರುವ ಜಾಗ ಉತ್ತಮ. ಕಿಟಕಿಯಿರುವ ಬಚ್ಚಲುಮನೆಯೂ ಜರೀಗಿಡಗಳಿಗೆ ಹೊಂದುತ್ತದೆ.

ಕಲ್ಲಿನ ತಟ್ಟೆ: ನೀರು ಮತ್ತು ಬೆಣಚುಕಲ್ಲು ತುಂಬಿದ ತಟ್ಟೆಯ ಮೇಲೆ ಕುಂಡವಿಡುವ ಈ ವಿಧಾನದ ಪರಿಣಾಮ ಅಲ್ಪ. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದರಿಂದ ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ಖಾಲಿ ಮಾಡಿ ಉಜ್ಜಿ ತೊಳೆಯಬೇಕು.

ಗಾಜಿನ ಪೆಟ್ಟಿಗೆ: ಮುಚ್ಚಿದ ಗಾಜಿನೊಳಗೆ ಆವಿಯಾದ ನೀರು ಮತ್ತೆ ಮಣ್ಣಿಗೆ ಇಳಿಯುತ್ತದೆ. ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ 1829ರ ಸುಮಾರಿಗೆ ಮುಚ್ಚಿದ ಸೀಸೆಯಲ್ಲಿ ಜರೀಗಿಡ ತಾನಾಗಿ ಬೆಳೆದುದನ್ನು ಗಮನಿಸಿ ಈ ಕ್ರಮವನ್ನು ಪ್ರಚಾರಕ್ಕೆ ತಂದರು. ಚಿಕ್ಕ ಗಿಡಗಳಿಗೆ ಅತ್ಯಂತ ಕಡಿಮೆ ನೀರು ಸಾಕಾಗುವ ವಿಧಾನ ಇದು. ಪೆಟ್ಟಿಗೆಗೆ ನೇರ ಬಿಸಿಲು ಬೀಳಬಾರದು.

ಆರ್ದ್ರಕ ಯಂತ್ರ: ಶ್ರವಣಾತೀತ ಕಂಪನದಿಂದ ಮಂಜು ಹೊರಡಿಸುವ ಯಂತ್ರಕ್ಕೆ ಗಡಸು ನೀರು ಹಾಕಿದರೆ ಲವಣವು ಬಿಳಿ ಧೂಳಾಗಿ ಕೋಣೆಯಲ್ಲಿ ಹರಡುತ್ತದೆ. ಮಳೆನೀರು ಅಥವಾ ಆರ್‌ಒ ನೀರನ್ನು ಬಳಸಬೇಕು.

ರೇಷ್ಮೆಹುಳು ಮನೆಗಳ ಕ್ರಮ

ಕೋಲಾರ ಜಿಲ್ಲೆ ರೇಷ್ಮೆ ಕೃಷಿಗೆ ಹೆಸರಾಗಿದ್ದು, ಒಣಹವೆಯಲ್ಲಿ ಆರ್ದ್ರತೆಯನ್ನು ಕಾಯುವ ಕೆಲಸ ಇಲ್ಲಿನ ರೈತರಿಗೆ ಹೊಸದಲ್ಲ. ಚಾಕಿ ಹಂತದ ಎಳೆಯ ಹುಳುಗಳಿಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇಕಡಾ 80ರಿಂದ 90ರಷ್ಟು ಆರ್ದ್ರತೆ ಬೇಕು. ಬೆಳೆದ ಹುಳುಗಳಿಗೆ ಶೇಕಡಾ 70ರಷ್ಟು ಸಾಕು. ಇದಕ್ಕಾಗಿ ತಟ್ಟೆಯ ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿಗಳನ್ನಿಟ್ಟು ಮೇಲೆ ಮೇಣದ ಕಾಗದ ಹೊದಿಸುವುದು, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು ರೂಢಿ. ಆರ್ದ್ರತೆ ಅಳೆಯಲು ಒಣ ಮತ್ತು ಒದ್ದೆ ಬಲ್ಬಿನ ಉಷ್ಣಮಾಪಕ ಬಳಸುತ್ತಾರೆ. ಕಿಟಕಿಯ ಒದ್ದೆ ಗೋಣಿತಾಟು ಮನೆಯ ಗಿಡಗಳಿಗೂ ಉಪಯುಕ್ತ. ಅದು ಒಳಬರುವ ಗಾಳಿಯನ್ನು ತಂಪಾಗಿಸಿ ತೇವಗೊಳಿಸುತ್ತದೆ.

ಅತಿಯಾದ ಆರ್ದ್ರತೆ

ಗಾಳಿಯಾಡದ ಜಾಗದಲ್ಲಿ ಆರ್ದ್ರತೆ ಸತತವಾಗಿ ಹೆಚ್ಚಿದ್ದರೆ ಎಲೆಚುಕ್ಕೆ ಮತ್ತು ಬೂದಿರೋಗದಂತಹ ಶಿಲೀಂಧ್ರ ರೋಗಗಳು ಬರುತ್ತವೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅತಿ ಒಣಗಾಳಿಯಲ್ಲಿ ಕೆಂಪು ಜೇಡನುಸಿ ಹೆಚ್ಚುತ್ತದೆ. ಗಾಳಿ ಒಣಗಿದೆಯೆಂದು ಕುಂಡಕ್ಕೆ ಪದೇಪದೇ ನೀರು ಹಾಕಿದರೆ ಬೇರು ಕೊಳೆಯುತ್ತದೆಯೇ ಹೊರತು ಗಾಳಿಯ ಆರ್ದ್ರತೆ ಹೆಚ್ಚುವುದಿಲ್ಲ.

ಗಿಡಗಳ ಆಯ್ಕೆ

ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಮತ್ತು ಝಡ್‌ಝಡ್ ಗಿಡಗಳು ಈ ಪ್ರದೇಶದ ಬೇಸಿಗೆಯನ್ನು ವಿಶೇಷ ಆರೈಕೆಯಿಲ್ಲದೆ ತಾಳಿಕೊಳ್ಳುತ್ತವೆ. ಕ್ಯಾಲಥಿಯ ಮತ್ತು ಜರೀಗಿಡಗಳನ್ನು ಬೆಳೆಸಬಯಸುವವರಿಗೆ ಮಳೆನೀರಿನ ಸಂಗ್ರಹವೂ ತಂಪಾದ ಮೂಲೆಯೂ ಇರುವುದು ಅನುಕೂಲ.